ಸೊಪ್ಪು ರೈತನದು, ಮರ ಸರಕಾರದ್ದು

ಬೀದರ, ಹುಮನಾಬಾದ, ಕಲಬುರ್ಗಿಯ ಕಡೆಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ಸಂಘದ ಬಂಧುಗಳೆಲ್ಲ ಪಟಾನ್‌ಚೆರುವಿನ ಬಳಿ ಒಂದು ಉದ್ದನೆಯ ಬೇಲಿಯನ್ನು ನೋಡಿಯೇ ಇರುತ್ತಾರೆ. ಬೇಲಿಯ ಆಚೆಗೆ ಅಚ್ಚುಕಟ್ಟಾದ ಹೊಲಗಳು, ಕೆರೆ, ಕಟ್ಟಡಗಳು. ಅದು 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಮಳೆ ಕಡಿಮೆ ಇರುವ ಬಿಸಿ ದೇಶಗಳ ಬೆಳೆಗಳ ಬಗ್ಗೆ ಅಲ್ಲಿ ಅಭ್ಯಾಸ ನಡೆಯುತ್ತದೆ. ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಒಂದೇ ಆವರಣದಲ್ಲಿರುವುದು ಆ ಜಾಗದ ವಿಶೇಷ.

1980ರ ದಶಕದಲ್ಲಿ ಅಲ್ಲಿಯ ಕೆಂಪು ಮಣ್ಣಿನಲ್ಲಿ ಒಂದು ಪ್ರಯೋಗ ನಡೆಯಿತು. ಸುಬಾಬುಲ್ ಗಿಡಗಳನ್ನು ಸಾಲಾಗಿ ಬೆಳೆಸಿ, ಸಾಲುಗಳ ನಡುವೆ ಜೋಳ ಮೊದಲಾದ ಪೈರುಗಳನ್ನು ಬಿತ್ತಿದರು. ಗಿಡದ ಸೊಪ್ಪು ಭೂಮಿಗೆ ಗೊಬ್ಬರವಾದೀತು, ದನಕ್ಕೆ ಮೇವಾದೀತು ಎಂಬುದು ನಿರೀಕ್ಷೆ. ಆದರೆ ಸಾಲಿಗೆ ಹತ್ತಿರದ ಪೈರು ಸೊರಗಿತು. ನೆರಳಿನಿಂದಲೋ ಬೇರಿನಿಂದಲೋ ಎಂದು ತಿಳಿಯಲು ವಿಜ್ಞಾನಿಗಳು ಗಿಡಕ್ಕೂ ಪೈರಿಗೂ ನಡುವೆ ನೆಲದೊಳಗೆ ಪಾಲಿಥೀನ್ ಹಾಳೆಯನ್ನು ಇಳಿಬಿಟ್ಟರು. ಬೇರುಗಳು ಬೇರೆಯಾದ ಕೂಡಲೆ ಪೈರು ಚೇತರಿಸಿಕೊಂಡಿತು. ಜಗಳವಿದ್ದದ್ದು ಬಿಸಿಲಿಗಾಗಿ ಅಲ್ಲ, ನೀರಿಗಾಗಿ.

ಮರವನ್ನೂ ಪೈರನ್ನೂ ಒಂದೇ ನೆಲದಲ್ಲಿ ಕೂಡಿಸಿ ಬೆಳೆಯುವ ಈ ವಿದ್ಯೆಗೆ ಕೃಷಿ ಅರಣ್ಯ ಎಂದು ಹೆಸರು. ಕಾಡು ಕಡಿದು ಹಾಳಾದ ಉಷ್ಣವಲಯದ ನೆಲವನ್ನು ಮತ್ತೆ ಹಸಿರು ಮಾಡುವುದಕ್ಕೂ, ಅಲ್ಲಿಯ ಜನರ ಹೊಟ್ಟೆ ತುಂಬಿಸುವುದಕ್ಕೂ ಇದೇ ದಾರಿಯೆಂದು ಕಳೆದ ಐದು ದಶಕಗಳಿಂದ ಜಗತ್ತು ಹೇಳುತ್ತಿದೆ. 1978ರಲ್ಲಿ ನೈರೋಬಿಯಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. 1983ರಲ್ಲಿ ನಮ್ಮ ದೇಶದ ಕೃಷಿ ಸಂಶೋಧನಾ ಪರಿಷತ್ತು ಅಖಿಲ ಭಾರತ ಯೋಜನೆಯೊಂದನ್ನು ಆರಂಭಿಸಿತು. ಗಿಡಕ್ಕೂ ಪೈರಿಗೂ ನಡುವಿನ ನೀರಿನ ಜಗಳವನ್ನು ಪಟಾನ್‌ಚೆರುವಿನಂಥ ಕಡೆ ವಿಜ್ಞಾನಿಗಳು ಪರಿಹರಿಸಬಲ್ಲರು. ಆದರೆ ಇನ್ನೊಂದು ಜಗಳ ಉಂಟು. ನೆಟ್ಟ ಮರ ಯಾರದು ಎಂಬ ಜಗಳ. ಅದು ಪಾಲಿಥೀನ್ ಹಾಳೆಯಿಂದ ಬಗೆಹರಿಯುವಂಥದ್ದಲ್ಲ. ಅದರ ಚರಿತ್ರೆ ನಮ್ಮ ಕನ್ನಡ ನಾಡಿನ ಬೆಟ್ಟಗಳಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕಿ ಹರಡಿಕೊಂಡಿದೆ.

ಹೆಸರು ಹೊಸದು, ಪದ್ಧತಿ ಹಳೆಯದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡಿಕೆ ತೋಟವಿರುತ್ತದೆ. ತಲೆಯ ಮೇಲೆ ಅಡಿಕೆಯ ಹೆಡೆ, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಬುಡದ ತಂಪಿನಲ್ಲಿ ಏಲಕ್ಕಿ. ಒಂದೇ ಎಕರೆಯಲ್ಲಿ ನಾಲ್ಕು ಅಂತಸ್ತು. ಏಲಕ್ಕಿಗೆ ಬೇಕಾದದ್ದೇ ನೆರಳು, ಆದ್ದರಿಂದ ಬಿಸಿಲಿಗೆ ಜಗಳವಿಲ್ಲ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಾದ್ದರಿಂದ ನೀರಿನ ಜಗಳವೂ ನಮ್ಮ ದಖ್ಖನ್ನಿನಷ್ಟಿಲ್ಲ. ಇಂಥ ಪ್ರದೇಶದ ಮೆಣಸಿಗಾಗಿಯೇ ಪೋರ್ಚುಗೀಜರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದದ್ದು.

ಸೊರಬದ ಕಡೆಯ ‘ಕಾನು’ಗಳು ಇನ್ನೊಂದು ಬಗೆ. ನಿತ್ಯಹಸಿರಿನ ಆ ಕಾಡಿನೊಳಗೇ ಜನ ಮೆಣಸಿನ ಬಳ್ಳಿಗಳನ್ನು ಮರಗಳಿಗೆ ಹಬ್ಬಿಸುತ್ತಿದ್ದರು, ಬಗನಿ ಮರದಿಂದ ಕಳ್ಳು ಇಳಿಸುತ್ತಿದ್ದರು. ಕಾನಿಗೆ ದೇವರ ಕಾವಲೂ ಇರುತ್ತಿತ್ತು. 1868ರಲ್ಲಿ ಸರಕಾರದ ಅರಣ್ಯಾಧಿಕಾರಿಗಳು ಸೊರಬ ತಾಲೂಕೊಂದರಲ್ಲೇ ಇಂಥ ಸುಮಾರು 170 ಕಾನುಗಳನ್ನು ಲೆಕ್ಕಹಾಕಿದ್ದರು. ಕಾಡೋ ತೋಟವೋ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಬೆಳೆಸುವವರಿಗೆ ಆ ಪ್ರಶ್ನೆ ಹುಟ್ಟಿರಲೇ ಇಲ್ಲ.

ಇಲ್ಲಿ ಕಾಸರಗೋಡನ್ನು ನೆನೆಯದಿದ್ದರೆ ತಪ್ಪಾದೀತು. 1916ರಲ್ಲಿ, ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೆಂಗಿನ ತೋಟದಲ್ಲಿ ಮೆಣಸು, ಕೋಕೋಗಳನ್ನು ಅಂತಸ್ತು ಅಂತಸ್ತಾಗಿ ಬೆಳೆಯುವ ಪ್ರಯೋಗ ಅಲ್ಲಿ ನಡೆಯುತ್ತಿತ್ತು. ಆ ಕೆಲಸದಲ್ಲಿದ್ದ ಪಿ. ಕೆ. ರಾಮಚಂದ್ರನ್ ನಾಯರ್ 1978ರಲ್ಲಿ ನೈರೋಬಿಯ ಹೊಸ ಸಂಸ್ಥೆಗೆ ಸೇರಿ, ಮುಂದೆ ಈ ಶಾಸ್ತ್ರದ ಹಿರಿಯರಲ್ಲಿ ಒಬ್ಬರೆನಿಸಿದರು. ಕರಾವಳಿಯ ರೈತ ಅಜ್ಜನಿಂದ ಕಲಿತ ಪಾಠ ಹೀಗೆ ಶಾಸ್ತ್ರದ ಪುಸ್ತಕಕ್ಕೂ ಏರಿತು.

ಕುಮರಿಗೆ ಬಂದ ಕುತ್ತು

ತೋಟಿಗರದು ಕಣಿವೆಯ ಬದುಕಾದರೆ, ಮೇಲಿನ ಇಳಿಜಾರುಗಳಲ್ಲಿ ಕುಣಬಿ, ಮರಾಠಿ, ಕರೆ ಒಕ್ಕಲಿಗ ಮೊದಲಾದವರು ಕುಮರಿ ಬೇಸಾಯ ಮಾಡುತ್ತಿದ್ದರು. ತೆಲುಗಿನವರು ಪೋಡು ಎನ್ನುವುದು ಇದನ್ನೇ. ಮಳೆ ನಿಂತ ಮೇಲೆ ಕಾಡಿನ ಒಂದು ತುಣುಕನ್ನು ಕಡಿದು ಒಣಗಿಸುವುದು, ಬೇಸಿಗೆಯಲ್ಲಿ ಸುಡುವುದು, ಮೊದಲ ಮಳೆಗೆ ಬೂದಿಯಲ್ಲಿ ರಾಗಿ ಬಿತ್ತುವುದು, ಜೊತೆಗೆ ತೊಗರಿ, ಹರಳು. ಒಂದೆರಡು ವರ್ಷ ಬೆಳೆದು ಆ ಜಾಗವನ್ನು ಬಿಟ್ಟು ಮುಂದೆ ಹೋಗುವುದು. ಹತ್ತು ಹನ್ನೆರಡು ವರ್ಷಗಳ ನಂತರ ಮತ್ತೆ ಅಲ್ಲಿಗೇ ಬರುವುದು.

ಇದರಲ್ಲಿ ರಸಾಯನಶಾಸ್ತ್ರ ಇಲ್ಲದಿಲ್ಲ. ಮಲೆನಾಡಿನ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ. ಆ ಸೀಮೆಯ ಸಾರವೆಲ್ಲ ಮಣ್ಣಿಗಿಂತ ಹೆಚ್ಚಾಗಿ ಮರದಲ್ಲೇ ಇರುತ್ತದೆ. ಸುಟ್ಟ ಬೂದಿ ಹುಳಿಯನ್ನು ತಗ್ಗಿಸಿ, ಪೊಟ್ಯಾಶ್ ಮತ್ತು ರಂಜಕವನ್ನು ಒಮ್ಮೆಲೆ ಪೈರಿಗೆ ಕೊಡುತ್ತದೆ. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಬೆಳೆದು ಸಾರವನ್ನು ಕೂಡಿಡುತ್ತದೆ. ಬಿಡುವಿನ ಅವಧಿ ಉದ್ದವಾಗಿದ್ದರೆ ಚಕ್ರ ತಿರುಗುತ್ತದೆ. ನಾಲ್ಕೈದು ವರ್ಷಕ್ಕೇ ಮರಳಿ ಬಂದರೆ ಕಾಡು ಕುರುಚಲಾಗಿ, ಕುರುಚಲು ಹುಲ್ಲಾಗಿ, ಕೊನೆಗೆ ಕಲ್ಲುನೆಲ ಉಳಿಯುತ್ತದೆ.

1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿಯ ಕಾಡು ಊರದೇವರ ಸೊತ್ತೆಂದೂ, ಮರ ಕಡಿಯಲು ದೇವರ ಪೂಜಾರಿಯೂ ಆದ ಊರಗೌಡನ ಅಪ್ಪಣೆ ಬೇಕೆಂದೂ ಜನ ಹೇಳುವುದನ್ನು ದಾಖಲಿಸಿದ. ಸರಕಾರ ಕಾಡಿನ ಮೇಲೆ ಹಕ್ಕು ಹೇಳದಿರಲೆಂದು ಜನ ಹೂಡಿದ ಉಪಾಯವಿದು ಎಂದು ಅವನ ಅನುಮಾನ. ಉಪಾಯವಾಗಿದ್ದರೂ ಅದು ಬಹಳ ಕಾಲ ನಡೆಯಲಿಲ್ಲ.

ಮುಂದಿನ ಅಧ್ಯಾಯ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್‌ಲೆಂಡಿನ ವೈದ್ಯನದು. 1847ರ ಸುಮಾರಿಗೆ ಶಿವಮೊಗ್ಗದಲ್ಲಿದ್ದ ಅವನು ಕುಮರಿಯ ಬೆಂಕಿಯನ್ನು ಕಂಡು ಕಳವಳಗೊಂಡ. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಹೋದರೆ ಹೊಳೆ ಬತ್ತುತ್ತದೆ ಎಂಬ ಅವನ ಆತಂಕ ಪ್ರಾಮಾಣಿಕವಾದದ್ದೇ. ಆದರೆ ಅದೇ ಕಾಲಕ್ಕೆ ಹಡಗುಗಳಿಗೆ ಸಾಗುವಾನಿ, ರೈಲಿನ ಹಳಿಗಳ ಕೆಳಗೆ ಹಾಕಲು ಮರದ ದಿಮ್ಮಿ ರಾಶಿರಾಶಿಯಾಗಿ ಬೇಕಾಗಿದ್ದವು ಎಂಬುದನ್ನೂ ಮರೆಯಬಾರದು. 1860ರಲ್ಲಿ ಮದ್ರಾಸ್ ಸರಕಾರ ತನ್ನ ಕಾಡುಗಳಲ್ಲಿ ಪೂರ್ವಾನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದವು. ಕುಮರಿ ಕಳೆದುಕೊಂಡವರಲ್ಲಿ ಅನೇಕರು ತಾವು ಬೇಸಾಯ ಮಾಡಿದ್ದ ಕಾಡಿನಲ್ಲೇ ಕೂಲಿಗಳಾದರು.

ಬರ್ಮಾದಿಂದ ಬಂದ ಉಪಾಯ

ಕುಮರಿಯನ್ನು ಪೂರಾ ನಿಲ್ಲಿಸುವುದರ ಬದಲು ಅದನ್ನೇ ಸರಕಾರದ ಕೆಲಸಕ್ಕೆ ಹಚ್ಚಿದರೇನು? ಈ ಯೋಚನೆ ಬಂದದ್ದು ಬರ್ಮಾದಲ್ಲಿದ್ದ ಜರ್ಮನ್ ಅರಣ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್‌ಗೆ. 1856ರಲ್ಲಿ ಪೆಗು ಪ್ರಾಂತಕ್ಕೆ ಬಂದ ಅವನು, ಕರೆನ್ ಜನರು ಬೆಟ್ಟ ಕಡಿದು ಭತ್ತ ಬಿತ್ತುವಾಗಲೇ ಸಾಗುವಾನಿಯ ಸಸಿಗಳನ್ನೂ ನೆಡುವಂತೆ ಏರ್ಪಾಡು ಮಾಡಿದ. ಎರಡು ಮೂರು ವರ್ಷ ಪೈರು ರೈತನಿಗೆ. ಆಮೇಲೆ ರೈತ ಹೊರಟುಹೋಗಬೇಕು, ಬೆಳೆದ ತೋಪು ಸರಕಾರಕ್ಕೆ. ಬರ್ಮೀ ಭಾಷೆಯಲ್ಲಿ ಬೆಟ್ಟದ ಬೇಸಾಯಕ್ಕೆ ಟೌಂಗ್ಯಾ ಎನ್ನುವುದರಿಂದ ಪದ್ಧತಿಗೂ ಅದೇ ಹೆಸರಾಯಿತು. ಬ್ರಾಂಡಿಸ್ 1864ರಲ್ಲಿ ಇಡೀ ಭಾರತದ ಅರಣ್ಯ ಇಲಾಖೆಗೆ ಮೊದಲ ಮುಖ್ಯಸ್ಥನಾದ. ಮೇಲೆ ಹೇಳಿದ ಸೊರಬದ ಕಾನುಗಳ ವರದಿಯಲ್ಲೂ ಅವನ ಹೆಸರುಂಟು. ಟೌಂಗ್ಯಾ ಇಲ್ಲಿಗೂ ಬಂದು, ಕೊಡಗಿನಲ್ಲಿ ಕುಮರಿ ಎಂಬ ಹೆಸರಿನಲ್ಲೇ ಸಾಗುವಾನಿ ತೋಪುಗಳನ್ನು ಎಬ್ಬಿಸಿತು.

ಇಂದಿನ ಕೃಷಿ ಅರಣ್ಯದ ಪುಸ್ತಕಗಳು ಟೌಂಗ್ಯಾವನ್ನು ಈ ಶಾಸ್ತ್ರದ ಮೂಲಪುರುಷನೆಂದು ಕೊಂಡಾಡುತ್ತವೆ. ಮರ ಬೆಳೆಸುವ ಉಪಾಯವಾಗಿ ಅದು ಯಶಸ್ವಿಯಾದದ್ದು ನಿಜ. ಆದರೆ ಸಸಿಗೆ ನೀರೆರೆದು ಕಳೆ ಕಿತ್ತವನಿಗೆ ಮರದಲ್ಲಿ ಪಾಲಿರಲಿಲ್ಲ. ಸಸಿ ಎತ್ತರವಾದಷ್ಟೂ ಅವನು ಜಾಗ ಬಿಡುವ ದಿನ ಹತ್ತಿರವಾಗುತ್ತಿತ್ತು. ಅಂಥವನು ಸಸಿಯನ್ನು ಪ್ರೀತಿಯಿಂದ ಬೆಳೆಸಬೇಕೆಂದು ಬಯಸುವುದು ಮನುಷ್ಯ ಸ್ವಭಾವ ತಿಳಿದವರ ಮಾತಲ್ಲ.

ಸೊಪ್ಪಿನ ಬೆಟ್ಟ

ಈಗ ಮತ್ತೆ ಅಡಿಕೆ ತೋಟಕ್ಕೆ ಬರೋಣ. ತೋಟ ಕಣಿವೆಯಲ್ಲಿದ್ದರೂ ಅದರ ಜೀವವಿರುವುದು ಮೇಲಿನ ಬೆಟ್ಟದಲ್ಲಿ. ಬೆಟ್ಟದ ಹಸಿ ಸೊಪ್ಪು, ಉದುರಿದ ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿಯಲ್ಲಿ ಸಗಣಿಯೊಡನೆ ಬೆರೆತು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಮರದ ಬುಡದ ಮಣ್ಣು ಕೊಚ್ಚಿಹೋಗದಂತೆ ಹೊದಿಸುವುದೂ ಅದೇ ಸೊಪ್ಪು. ಇದನ್ನು ಬ್ರಿಟಿಷ್ ಸರಕಾರವೂ ಕಂಡುಕೊಂಡು, ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯಂತೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟಿತು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆಗಳೂ ಇದೇ ಕುಟುಂಬಕ್ಕೆ ಸೇರಿದವು.

ಆದರೆ ಕೊಟ್ಟ ರೀತಿಯನ್ನು ಗಮನಿಸಬೇಕು. ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ಒಂದು ಶಬ್ದದ ಬೆಲೆ ಗೊತ್ತು. ದಾಖಲೆಯಲ್ಲಿ ಅದು ‘ಹಕ್ಕು’ ಅಲ್ಲ, ‘ಸವಲತ್ತು’. ಹಕ್ಕನ್ನು ಕೋರ್ಟಿನಲ್ಲಿ ಕೇಳಬಹುದು, ಸವಲತ್ತನ್ನು ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಸೊಪ್ಪು, ದರಕು, ಒಣ ಕಟ್ಟಿಗೆ ತೋಟಿಗನಿಗೆ. ನೆಲವೂ ಮರದ ದಿಮ್ಮಿಯೂ ಸರಕಾರಕ್ಕೆ. ಮುಂಬಯಿ ಪ್ರಾಂತ ಹೋಗಿ, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ರಾಜ್ಯದ ಹೆಸರು ಕರ್ನಾಟಕವಾದರೂ ಸವಲತ್ತು ಸವಲತ್ತಾಗಿಯೇ ಉಳಿಯಿತು.

ನನ್ನ ಸೋದರಮಾವನ ತೋಟ ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಅವರ ಬೆಟ್ಟದಲ್ಲಿ ಮತ್ತಿ, ನಂದಿ, ಹೊನ್ನೆ, ಕೌಲು ಮರಗಳು ದಟ್ಟವಾಗಿವೆ. ಅಂಚಿಗೆ ಅಗಳ ತೋಡಿ ಬೇಲಿ ಹಾಕಿ ಕಾದುಕೊಂಡಿದ್ದಾರೆ. ಒಂದು ಕೂಗಳತೆಯಲ್ಲಿ ಇನ್ನೊಂದು ಬೆಟ್ಟವಿದೆ. ಅದೇ ಮಣ್ಣು, ಅದೇ ಮಳೆ. ಆದರೆ ಅಲ್ಲಿ ಉಳಿದಿರುವುದು ಕೈಕಾಲು ಕತ್ತರಿಸಿದಂಥ ನಾಲ್ಕು ಮರ, ಸವೆದ ಜಂಬಿಟ್ಟಿಗೆ, ಒಣಹುಲ್ಲು. ಹಲವು ಮನೆಗಳಿಗೆ ಹಂಚಿಹೋದ ಬೆಟ್ಟವದು. ಯಾರೂ ಬೇಲಿ ಹಾಕಲಿಲ್ಲ, ಎಲ್ಲರೂ ಸೊಪ್ಪು ಕಡಿದರು. ಚಿಕ್ಕಂದಿನಲ್ಲಿ ನಾನು ಕಾರಣ ಕೇಳಿದಾಗ ಮಾವ ಹೇಳಿದ ಮಾತು ಇನ್ನೂ ನೆನಪಿದೆ: “ಸೊಪ್ಪು ನಮ್ದು, ಮರ ಸರ್ಕಾರದ್ದು. ಹಂಗಾರೆ ಬೆಟ್ಟ ಯಾರ್ದು ಹೇಳು ತಮಾ?”

ಮಾವ ಬೇಲಿ ಹಾಕಿದ್ದು ಕಾಯಿದೆಯ ಬಲದಿಂದಲ್ಲ, ತನ್ನ ತೋಟಕ್ಕೆ ನಾಳೆಯೂ ಸೊಪ್ಪು ಬೇಕೆಂಬ ಲೆಕ್ಕದಿಂದ. ಎಲ್ಲರೂ ಹಾಗೆ ಲೆಕ್ಕ ಹಾಕಲಿಲ್ಲ ಎಂಬ ತಪ್ಪು ನಮ್ಮವರದೂ ಹೌದು. ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಟ್ಟ ನಡುವೆ ಕಾಡನ್ನು ಎಲೆ ಮತ್ತು ದಿಮ್ಮಿ ಎಂದು ಸೀಳಿದ ಏರ್ಪಾಡು, ಎಚ್ಚರವಿದ್ದವನಿಗೂ ಎಚ್ಚರವಿಲ್ಲದವನಿಗೂ ಒಂದೇ ಫಲ ಕೊಡುವಂಥದ್ದಾಗಿತ್ತು.

ಗಂಧ ಮತ್ತು ಸಿಲ್ವರ್ ಓಕ್

ಇದೇ ಮಾತಿಗೆ ಇನ್ನೆರಡು ಸಾಕ್ಷಿಗಳನ್ನು ನೋಡಬಹುದು. 1792ರಲ್ಲಿ ಟಿಪ್ಪೂ ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಸರಕಾರಗಳೂ ಅದನ್ನೇ ಮುಂದುವರಿಸಿದವು. ರೈತನ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಅವನದಲ್ಲ, ಅದು ಕಳುವಾದರೆ ತಲೆನೋವು ಮಾತ್ರ ಅವನದು. ಹಾಗಾಗಿ ಮೊಳಕೆಯಲ್ಲೇ ಕಿತ್ತೆಸೆಯುವುದು ಜಾಣತನವಾಯಿತು. ಗಂಧದ ಗುಡಿಯೆಂದು ನಾವು ಹೆಮ್ಮೆಪಡುವ ನಾಡಿನ ಹೊಲಗಳಲ್ಲಿ ಗಂಧ ಅಪರೂಪವಾದದ್ದು ಹೀಗೆ. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಒಡೆಯನೇ ಗಂಧದ ಮರದ ಒಡೆಯನೆಂದಾಯಿತು. ಅಂದಿನಿಂದ ರೈತರೇ ಗಂಧದ ತೋಟ ಮಾಡಲು ಮುಂದೆ ಬಂದಿದ್ದಾರೆ.

ಕೊಡಗಿನ ಕಾಫಿ ತೋಟಗಳಲ್ಲಿ ಹಿಂದೆ ನೆರಳಿಗಿದ್ದದ್ದು ಕಾಡಿನ ಮರಗಳೇ. ಅಲ್ಲಿಯ ಬಹಳಷ್ಟು ಜಮೀನಿನಲ್ಲಿ ಊರ ಮರಗಳ ಮೇಲೆ ಸರಕಾರದ ಹಕ್ಕುಂಟು, ಕಡಿಯಲು ಅನುಮತಿ ಬೇಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕಿಗೆ ಆ ತೊಡಕಿಲ್ಲ. ಬೆಳೆಗಾರ ಏನು ಮಾಡಿಯಾನು? ಸತ್ತ ಹೊನ್ನೆ, ಬೀಟೆಯ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟ. ಊರ ಮರಗಳನ್ನು ಕಾಯಲೆಂದು ಮಾಡಿದ ಕಾನೂನೇ ಪರದೇಶಿ ಮರವನ್ನು ಬರಮಾಡಿಕೊಂಡಿತು.

ಕುಸನೂರಿನ ಕಿತ್ತಿಕೋ ಹಚ್ಚಿಕೋ

ಹಾಳಾದ ಅರಣ್ಯಭೂಮಿ ಎಂದು ಕಾಗದದಲ್ಲಿ ಬರೆದದ್ದೆಲ್ಲ ಯಾರಿಗೂ ಬೇಡವಾದ ನೆಲವಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡದ್ದು ನಮಗೆಲ್ಲ ಗೊತ್ತು. ಅಪ್ಪಿಕೋ ಇದ್ದ ಮರ ಉಳಿಸುವ ಚಳವಳಿ. ಅದರ ಮರುವರ್ಷವೇ, ಮರ ನೆಡುವುದರ ಬಗ್ಗೆ ಇನ್ನೊಂದು ಜಗಳ ಹೊತ್ತಿಕೊಂಡಿತು.

1984ರಲ್ಲಿ ಸರಕಾರಿ ನಿಗಮ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿಕೊಂಡವು. ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮೊದಲಾದ ತಿರುಳಿನ ಮರ ಬೆಳೆಸುವುದು ಉದ್ದೇಶ. ಆ ಭೂಮಿಯಲ್ಲಿ ದನ ಮೇಯುತ್ತಿದ್ದವು, ಬಡವರ ಒಲೆಗೆ ಸೌದೆ ಸಿಗುತ್ತಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಜನರನ್ನು ಸಂಘಟಿಸಿತು. ಎಂಬತ್ತು ದಾಟಿದ್ದ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ಕುಸನೂರಿನವರು ಮರ ಬೇಡವೆನ್ನಲಿಲ್ಲ. ಯಾವ ಮರ, ಯಾರಿಗಾಗಿ ಎಂದು ಕೇಳಿದರು.

ಇಂದಿನ ಮಾತು

ಅಲ್ಲಿಂದೀಚೆಗೆ ಒಳ್ಳೆಯ ಹೆಜ್ಜೆಗಳು ಇಲ್ಲದಿಲ್ಲ. 1993ರಲ್ಲಿ ಕರ್ನಾಟಕ ಸರಕಾರ ಗ್ರಾಮ ಅರಣ್ಯ ಸಮಿತಿಗಳ ಆದೇಶ ಹೊರಡಿಸಿ, ಹಾಳಾದ ಕಾಡನ್ನು ಬೆಳೆಸುವ ಊರಿನವರಿಗೆ ಉತ್ಪನ್ನದಲ್ಲಿ ಪಾಲು ಕೊಡಲು ಒಪ್ಪಿತು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ‘ಹಕ್ಕು’ ಎಂಬ ಶಬ್ದವೇ ಬಂತು. ನಾವಿರುವ ತೆಲಂಗಾಣದಲ್ಲೂ 2023ರಲ್ಲಿ ಸುಮಾರು 4 ಲಕ್ಷ ಎಕರೆ ಪೋಡು ಭೂಮಿಗೆ ಆದಿವಾಸಿ ರೈತರಿಗೆ ಪಟ್ಟಾ ಕೊಡಲಾಯಿತು. 2014ರಲ್ಲಿ ಭಾರತ ಕೃಷಿ ಅರಣ್ಯಕ್ಕೆಂದೇ ರಾಷ್ಟ್ರೀಯ ನೀತಿ ರೂಪಿಸಿದ ಮೊದಲ ದೇಶವಾಯಿತು. ಮರ ಕಡಿಯಲು, ಸಾಗಿಸಲು ಇರುವ ಪರವಾನಗಿಗಳ ತೊಡಕನ್ನು ಸರಳಗೊಳಿಸಬೇಕೆಂದು ಆ ನೀತಿಯೇ ಹೇಳಿತು.

ಆದರೂ ಗಂಟು ಪೂರಾ ಬಿಚ್ಚಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ 1988ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕಾಡಿನ ನೆಲದಲ್ಲಿ ಚಹಾ, ಕಾಫಿ, ಸಾಂಬಾರ ಪದಾರ್ಥ, ಹಣ್ಣಿನ ಬೆಳೆಗಳನ್ನು ಬೆಳೆಯುವುದು ‘ಅರಣ್ಯೇತರ’ ಉಪಯೋಗ. ಕಾಡನ್ನು ತೋಟಗಾರರ ಒತ್ತುವರಿಯಿಂದ ಕಾಯಲು ಇಂಥ ನಿಯಮ ಬೇಕಾಗಿತ್ತು, ಸರಿ. ಆದರೆ ಸೊರಬದ ಕಾನಿನಲ್ಲಿ ಮೆಣಸು ಹಬ್ಬಿಸಿದ ನಮ್ಮ ಹಿರಿಯರು ಇಂದು ಬಂದರೆ ಆ ಕಾಯಿದೆಯ ಮುಂದೆ ಏನು ಹೇಳಿಯಾರು?

ಹೊಂದಾಣಿಕೆ ಅಸಾಧ್ಯವಲ್ಲ ಎಂಬುದಕ್ಕೆ ಗುಜರಾತಿನ ವಾಂಸದಾ ಒಂದು ಉದಾಹರಣೆ. 1982ರಿಂದ ಬೈಫ್ ಸಂಸ್ಥೆ ಅಲ್ಲಿಯ ಆದಿವಾಸಿ ಕುಟುಂಬಗಳೊಡನೆ ಬರಡು ನೆಲದಲ್ಲಿ ‘ವಾಡಿ’ಗಳನ್ನು ಎಬ್ಬಿಸಿತು. ಮನೆಗೊಂದು ಎಕರೆಯಷ್ಟು ಜಾಗ, ಅದರಲ್ಲಿ ಮಾವು ಗೇರು, ನಡುವೆ ಧಾನ್ಯ ತರಕಾರಿ, ಸುತ್ತ ಬೇಲಿಗೆ ಸೌದೆ ಮೇವಿನ ಮರಗಳು. ಮುಂದೆ ನಬಾರ್ಡ್ ಅದನ್ನು ಬೇರೆ ರಾಜ್ಯಗಳಿಗೂ ಒಯ್ದಿತು. ಅಲ್ಲಿ ಬಳಸಿದ ಶಾಸ್ತ್ರ ಅಡಿಕೆ ತೋಟದ ಶಾಸ್ತ್ರಕ್ಕಿಂತ ದೊಡ್ಡದೇನಲ್ಲ. ನೆಟ್ಟವನಿಗೆ ಹಣ್ಣೂ ಸೌದೆಯೂ ಮರವೂ ತನ್ನವೆಂದು ಗೊತ್ತಿತ್ತು, ಅಷ್ಟೆ.

ನಮ್ಮ ಓದುಗರಲ್ಲಿ ಅನೇಕರ ಹೆಸರು ಊರಿನ ಪಹಣಿಯಲ್ಲಿ ಇನ್ನೂ ಇದೆ. ಅಣ್ಣತಮ್ಮಂದಿರ ಪಾಲಿಗೆ ಬಂದ ಒಂದು ಬೆಟ್ಟವೋ, ಬ್ಯಾಣವೋ, ಪಾಳು ಬಿದ್ದ ಹೊಲವೋ ಅಲ್ಲಿ ಕಾದಿರುತ್ತದೆ. ಹಾಳಾದ ನೆಲದ ಮಾತು ಬಂದಾಗ ಸರಕಾರವನ್ನೂ ಕಂಪನಿಯನ್ನೂ ಹಳಿಯುವ ನಾವು, ಅಲ್ಲಿ ಈಗ ಸೊಪ್ಪು ತರುವವರು, ಬೇಲಿ ಕಟ್ಟುವವರು ಯಾರು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ದೀಪಾವಳಿಗೆ ಹೋದಾಗ ಪಹಣಿಯ ಜೊತೆಗೆ ಆ ನೆಲವನ್ನೂ ಒಮ್ಮೆ ನಡೆದು ನೋಡಿದರೆ ತಪ್ಪೇನಿಲ್ಲ.

ಮಾವನಿಗೀಗ ಎಂಬತ್ತು ಸಮೀಪಿಸಿದೆ. ಕಳೆದ ಸಲ ಹೋದಾಗ ಬೆಟ್ಟದ ತಗ್ಗಿನಲ್ಲಿ ಉಪ್ಪಾಗೆ, ಮುರುಗಲು ಸಸಿಗಳನ್ನು ನೆಟ್ಟಿದ್ದನ್ನು ತೋರಿಸಿದರು. ಫಲ ಬರಲು ವರ್ಷಗಳೇ ಬೇಕು. ಸೊಪ್ಪು ನಮ್ಮದು, ಮರ ಸರಕಾರದ್ದು, ಹಾಗಾದರೆ ಹಣ್ಣು ಯಾರದೆಂದು ನಾನು ಅವರದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ. ಮಾವ ನಕ್ಕರು. ಅದನ್ನು ಇನ್ನೂ ಯಾರೂ ಕೇಳಿಲ್ಲವಂತೆ. ಕೇಳುವುದರೊಳಗೆ ಗಿಡ ದೊಡ್ಡದಾಗಲಿ ಎಂದು ಬುಡಕ್ಕೆ ದರಕು ಸರಿಸಿದರು.